ಮೂರನೇ ಪಂಪು

ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ಪಂಪ್‌ಹೌಸಿನ ಎರಡನೇ ಮೋಟರು ನಿಂತಿತು.

ನಿಲ್ಲುವ ಮುಂಚೆ ಅದು ಸದ್ದೇನೂ ಮಾಡಲಿಲ್ಲ. ಸುಟ್ಟ ವಾರ್ನಿಶ್ಶಿನ ವಾಸನೆ ಬಂತು, ಗೋಡೆಯ ಪ್ಯಾನೆಲ್ಲಿನಲ್ಲಿ ಹಸಿರು ದೀಪ ಆರಿ ಕೆಂಪು ದೀಪ ಹತ್ತಿತು, ಅಷ್ಟೆ. ಪಂಪಿನವನು ಕೈಯಲ್ಲಿದ್ದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎದ್ದ. ಹದಿನಾರು ವರ್ಷ ಎರಡು ಮೋಟರುಗಳ ಸದ್ದನ್ನು ಒಟ್ಟಿಗೇ ಕೇಳಿದ ಕಿವಿ ಅವನದು. ಒಂದರ ಸದ್ದು ಮಾತ್ರ ಉಳಿದಾಗ ಕೋಣೆಯೇ ಒಂದು ಕಡೆಗೆ ವಾಲಿದ ಹಾಗೆ ಅನ್ನಿಸಿತು.

ಹೊರಗೆ ಮೂರು ದಿನದಿಂದ ಬಿಡದೆ ಹೊಡೆಯುತ್ತಿದ್ದ ಮಳೆ ಹಾಗೆಯೇ ಹೊಡೆಯುತ್ತಿತ್ತು.

ಊರಿನ ತಗ್ಗಿನ ಓಣಿ ನದಿಯ ಮಟ್ಟಕ್ಕಿಂತ ಕೆಳಗಿದೆ. ಅರವತ್ತೆರಡು ಮನೆ. ಊರಿನ ಅರ್ಧ ಚರಂಡಿಗಳ ನೀರು ಓಣಿಯ ಕೊನೆಯಲ್ಲಿರುವ ಕಾಂಕ್ರೀಟಿನ ಬಾವಿಗೆ ಬಂದು ಬೀಳುತ್ತದೆ. ಪಂಪುಗಳು ಅದನ್ನು ಎತ್ತಿ ಒಡ್ಡಿನ ಆಚೆ ನದಿಗೆ ಚೆಲ್ಲಬೇಕು. ಎತ್ತದಿದ್ದರೆ ಆ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿ ಓಣಿಯ ಬಚ್ಚಲುಗಳಿಂದ ಮೇಲೇಳುತ್ತದೆ. ಪಂಪ್‌ಹೌಸು ಕಟ್ಟುವ ಮುಂಚಿನ ವರ್ಷ ಹಾಗೆ ಎದ್ದ ನೀರು ಮುಕ್ಕಾಲು ಗಂಟೆಯಲ್ಲಿ ಬಾಗಿಲುಗಳ ಮೇಲಿನ ಪಟ್ಟಿ ಮುಟ್ಟಿತ್ತು. ಏಳು ಜನ ಸತ್ತಿದ್ದರು.

ಬಾವಿಯ ಗೋಡೆಗೆ ಗೇಣಿಗೊಂದರಂತೆ ಬಿಳಿ ಗೀಟುಗಳನ್ನು ಎಳೆದಿದ್ದಾರೆ. ನೀರು ಹದಿನೆಂಟನೇ ಗೀಟಿಗೆ ಬಂದರೆ ಓಣಿಯ ಬಚ್ಚಲುಗಳಲ್ಲಿ ಕಾಣಿಸಿಕೊಳ್ಳುತ್ತದೆ, ಇಪ್ಪತ್ತಕ್ಕೆ ಬಂದರೆ ರಸ್ತೆಗೆ ಇಳಿಯುತ್ತದೆ. ಪಂಪಿನವನು ಟಾರ್ಚು ಹಿಡಿದು ಕೆಳಗೆ ಬಗ್ಗಿ ನೋಡಿದ. ಒಂಬತ್ತನೇ ಗೀಟು. ಅವನು ನೋಡನೋಡುತ್ತಲೇ ಒಂಬತ್ತರ ಬಿಳಿ ಬಣ್ಣ ಕಂದು ನೀರಿನಡಿ ಮಸುಕಾಯಿತು.

"ತಂತಿಯ ಸುತ್ತು ಸುಟ್ಟುಹೋಗಿದೆ," ಎಂದ ಗ್ರೀಸಜ್ಜ, ಮೋಟರಿನ ಮುಚ್ಚಳ ಬಿಚ್ಚಿ ಮೂಸಿ ನೋಡಿ. ಗ್ರೀಸು ಹಾಕುವುದೇ ಅವನ ಕೆಲಸ, ಪಂಪ್‌ಹೌಸಿನಲ್ಲಿ ಇರುವವರು ಅವರಿಬ್ಬರೇ. "ಇದು ಇವತ್ತಿಗಲ್ಲ, ಈ ತಿಂಗಳಿಗೂ ಏಳಲ್ಲ. ಹೆಣಕ್ಕೆ ಇಂಜೆಕ್ಷನ್ ಕೊಟ್ಟ ಹಾಗೆ."

ಪಂಪಿನವನು ಕಚೇರಿಗೆ ಫೋನು ಮಾಡಿದ. ರಾತ್ರಿಪಾಳಿಯ ಗುಮಾಸ್ತ ಎತ್ತಿದ.

"ಎರಡನೇದು ನಿಂತಿದೆ."

"ಹೌದಾ. ಮೂರನೇದು ಚಾಲೂ ಮಾಡು."

ಪಂಪಿನವನ ಕಣ್ಣು ಕೋಣೆಯ ಮೂಲೆಗೆ ಹೋಯಿತು.

"ಅಲ್ಲಪ್ಪಾ, ಪುಸ್ತಕ ನನ್ನ ಮುಂದೇನೇ ಇದೆ. ಮೂರನೇ ಪಂಪು ಸುಸ್ಥಿತಿಯಲ್ಲಿದೆ, ಒಂಬತ್ತು ದಿನದ ಹಿಂದೆ ಪರೀಕ್ಷೆ ಆಗಿದೆ. ನಿಂದೇ ಸಹಿ. ಚಾಲೂ ಮಾಡಿ ಹೇಳು, ಬರ್ಕೋತೀನಿ."

"ನೋಡ್ತೀನಿ," ಎಂದು ಅವನು ಫೋನು ಇಟ್ಟ.

ಮೂರನೇ ಪಂಪು ಕೋಣೆಯ ಉತ್ತರದ ಮೂಲೆಯಲ್ಲಿತ್ತು. ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ನೀಲಿ ಬಣ್ಣದ ಕಬ್ಬಿಣದ ಕವಚ, ಕವಚದ ಮೇಲೆ ಬಿಳಿ ಬಣ್ಣದಲ್ಲಿ ಮೂರು ಎಂಬ ಅಂಕಿ. ಒಳಗೆ ಏನೂ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಊರಿನ ಸಭೆ ಮೂರನೇ ಪಂಪಿಗೆಂದು ಮನೆಮನೆಗೂ ಒಂದು ತೆರಿಗೆ ಹಾಕಿತು. ಮೊದಲ ವರ್ಷವೇ ಕಟ್ಟೆ ಎದ್ದಿತು, ಕವಚ ಬಂತು. ಮೋಟರು ದಾರಿಯಲ್ಲಿದೆ, ಸದ್ಯಕ್ಕೆ ಸಹಿ ಹಾಕು ಎಂದರು ಆಗಿನ ಎಂಜಿನಿಯರ್ ಸಾಹೇಬರು. ಮುಂದಿನ ವರ್ಷ ಆ ದುಡ್ಡಿನಲ್ಲಿ ಸೋರುತ್ತಿದ್ದ ಆಸ್ಪತ್ರೆಗೆ ಮಾಡು ಹೊದಿಸಿದರು. ಅದರ ಮುಂದಿನ ವರ್ಷ ಖಜಾನೆ ಬರಿದಾಗಿ ನೌಕರರಿಗೆ ಸಂಬಳ ಕೊಟ್ಟರು, ಪಂಪಿನವನಿಗೂ ಕೊಟ್ಟರು. ಯಾರೂ ಜೇಬಿಗೆ ಹಾಕಿಕೊಂಡದ್ದನ್ನು ಅವನು ಕಂಡಿರಲಿಲ್ಲ. ಆದರೆ ಜನ ಕಟ್ಟಿದ ದುಡ್ಡಿಗೆ ಪಂಪು ಇಲ್ಲ ಎಂದು ಪುಸ್ತಕದಲ್ಲಿ ಬರೆದರೆ ಮುಂದೆ ತೆರಿಗೆ ಎತ್ತುವಂತಿಲ್ಲ, ತೆರಿಗೆ ಎತ್ತದಿದ್ದರೆ ಪಂಪು ಎಂದೆಂದಿಗೂ ಬರುವಂತಿಲ್ಲ. ಸಾಹೇಬರು ಇದನ್ನು ಸಮಾಧಾನವಾಗಿ, ಲೆಕ್ಕದ ಪಾಠ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದರು. ಕಣ್ಣಾರೆ ನೋಡಿದವನೇ ಸಹಿ ಹಾಕಬೇಕು ಎಂಬುದು ನಿಯಮ. ನೋಡುವವನು ಪಂಪಿನವನು. ವರ್ಷಕ್ಕೊಂದರಂತೆ ಒಂಬತ್ತು ಸಹಿ, ಪ್ರತಿ ಸಲವೂ ಅದರ ನಕಲು ಓಣಿಯ ಮನೆಬಾಗಿಲುಗಳ ಮೇಲೆ ನೋಟೀಸಾಗಿ ಅಂಟುತ್ತಿತ್ತು. ಸಾಹೇಬರು ನಿವೃತ್ತರಾಗಿ ಮಗಳ ಊರಿಗೆ ಹೋದರು, ಸಹಿಗಳು ಇಲ್ಲೇ ಉಳಿದವು.

ಕಳೆದ ವಾರವಷ್ಟೇ ಗ್ರೀಸಜ್ಜ ಕವಚಕ್ಕೆ ಹೊಸ ಬಣ್ಣ ಹೊಡೆದಿದ್ದ.

"ನನ್ನ ಮುಖ ಯಾಕೆ ನೋಡ್ತೀಯ," ಎಂದ ಅಜ್ಜ. "ನಾನು ಸಹಿ ಹಾಕಿಲ್ಲಪ್ಪ. ನನಗೆ ಬರೆಯೋಕೆ ಬರಲ್ಲ. ನಮ್ಮಪ್ಪ ಮಾಡಿದ ಪುಣ್ಯದಲ್ಲಿ ಅದೂ ಒಂದು."

ಆರು ಗಂಟೆ ಇಪ್ಪತ್ತಕ್ಕೆ ನೀರು ಹನ್ನೆರಡನೇ ಗೀಟಿನಲ್ಲಿತ್ತು. ಪಂಪಿನವನು ಗೀಟಿನಿಂದ ಗೀಟಿಗೆ ಗಡಿಯಾರ ಹಿಡಿದು ನೋಡಿದ. ಹದಿಮೂರು ನಿಮಿಷಕ್ಕೆ ಒಂದು. ಎಂಟು ಗಂಟೆಗೆ ಇಪ್ಪತ್ತು ತುಂಬುತ್ತದೆ. ಅವನ ಅಕ್ಕನ ಮನೆ ಓಣಿಯ ಕೊಟ್ಟಕೊನೆಯಲ್ಲಿ, ಎಲ್ಲಕ್ಕಿಂತ ತಗ್ಗಿನಲ್ಲಿತ್ತು.

ಸೈರನ್ನಿನ ಹಿಡಿಕೆ ಗೋಡೆಯ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿತ್ತು. ಮೂರರಲ್ಲಿ ಎರಡು ಪಂಪು ನಿಂತರೆ ಮಾತ್ರ, ಅದೂ ಕಚೇರಿಯ ಅಪ್ಪಣೆಯ ಮೇಲೆ, ಅದನ್ನು ಎಳೆಯಬೇಕು. ಕಾಗದದ ಪ್ರಕಾರ ನಿಂತಿರುವುದು ಒಂದೇ. ಎಳೆದರೆ ಯಾಕೆ ಎಳೆದೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಹೆಂಡತಿ ಮಕ್ಕಳು ಈ ಹೊತ್ತಿಗೆ ಮಲಗಿರುವ ಕ್ವಾರ್ಟರ್ಸೂ ಹೋಗುತ್ತದೆ, ಒಂಬತ್ತು ವರ್ಷ ಸುಳ್ಳು ದಾಖಲೆ ಬರೆದದ್ದಕ್ಕೆ ಜೈಲೂ ಆಗಬಹುದು. ಮಳೆ ಈಗ ನಿಂತರೂ ನಿಲ್ಲಬಹುದು ಎಂದು ಅವನ ಮನಸ್ಸಿನ ಒಂದು ಮೂಲೆ ಹೇಳಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಒಂಬತ್ತು ಮಳೆಗಾಲ ಹೀಗೆಯೇ ತಪ್ಪಿಸಿಕೊಂಡಿದ್ದ.

ಮಳೆ ನಿಲ್ಲಲಿಲ್ಲ. ಆರೂ ಇಪ್ಪತ್ತೈದಕ್ಕೆ ಅವನು ಗಾಜು ಒಡೆದು ಹಿಡಿಕೆ ಎಳೆದ.

ಸೈರನ್ನು ಐದು ನಿಮಿಷ ಕೂಗಿತು. ಅದು ನಿಂತ ಎರಡನೇ ನಿಮಿಷಕ್ಕೆ ಪಂಪಿನವನ ಮೊಬೈಲಿಗೆ, ಓಣಿಯ ಎಲ್ಲರ ಮೊಬೈಲಿಗೂ ಬಂದ ಹಾಗೆ, ಕಚೇರಿಯ ಸಂದೇಶ ಬಂತು. ಸೈರನ್ ತಪ್ಪಾಗಿ ಮೊಳಗಿದೆ, ಎರಡು ಪಂಪುಗಳು ಲಭ್ಯವಿವೆ, ಯಾರೂ ಮನೆ ಬಿಡಬೇಡಿ. ಅದರ ಬೆನ್ನಿಗೇ ಎಂಜಿನಿಯರ್ ಮೇಡಮ್ ಅವರ ಫೋನು. ಅವರು ಈ ಹುದ್ದೆಗೆ ಬಂದು ನಾಲ್ಕು ತಿಂಗಳಾಗಿತ್ತು.

"ಯಾರ ಅಪ್ಪಣೆ ಮೇಲೆ ಎಳೆದ್ರಿ?"

"ಮೇಡಮ್, ನೀರು ಜೋರಾಗಿದೆ. ಹದಿಮೂರು ನಿಮಿಷಕ್ಕೆ ಒಂದು ಗೀಟು."

"ಮೂರನೇ ಪಂಪು ಯಾಕೆ ಹಾಕಿಲ್ಲ?"

ಈಗ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ ಮಾತು.

"ಅದು... ಸ್ಟಾರ್ಟ್ ಆಗ್ತಾ ಇಲ್ಲ ಮೇಡಮ್."

"ಒಂಬತ್ತು ದಿನದ ಹಿಂದೆ ಆಗಿತ್ತಲ್ಲ?"

"ಆಗಿತ್ತು."

"ಮೆಕ್ಯಾನಿಕ್‌ನ ಕಳಿಸ್ತೀನಿ, ಮುಕ್ಕಾಲು ಗಂಟೆ ಆಗುತ್ತೆ, ಮೇಲಿನ ಸೇತುವೆ ಸುತ್ತಿ ಬರಬೇಕು. ಅಲ್ಲೀತನಕ ಜನರನ್ನ ಎಬ್ಬಿಸೋದು ಬೇಡ. ಹಿಂದೆ ಒಂದು ಸಲ ಸುಮ್ಮಸುಮ್ಮನೆ ಸೈರನ್ ಮಾಡಿ, ದಿಬ್ಬದ ಮೆಟ್ಟಿಲ ಮೇಲೆ ನೂಕಾಟದಲ್ಲಿ ಒಬ್ಬರ ಕಾಲು ಮುರೀತಂತೆ. ಫೈಲ್ ಓದಿದೀನಿ."

ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅವರ ಕೈಲಿದ್ದ ಪುಸ್ತಕ ಸರಿ ಇದ್ದಿದ್ದರೆ.

ಫೋನು ಇಟ್ಟ ಮೇಲೆ ಗ್ರೀಸಜ್ಜ ಎದ್ದು ಹೋಗಿ ನೀಲಿ ಕವಚಕ್ಕೆ ಸ್ಪ್ಯಾನರಿನಿಂದ ಒಂದು ಕುಟ್ಟಿದ. ಖಾಲಿ ಹಂಡೆಯ ಸದ್ದು ಬಂತು. "ಮೆಕ್ಯಾನಿಕ್ ಬಂದು ಇದಕ್ಕೇನು ನಾಡಿ ನೋಡ್ತಾನಾ," ಎಂದ. ಪಂಪಿನವನು ಬಾವಿಗೆ ಟಾರ್ಚು ಹಾಕಿದ. ಹದಿಮೂರು.

ಆಮೇಲಿನ ಅರ್ಧ ಗಂಟೆ ಅವನು ಏನು ಮಾಡಿದ ಎಂದು ಮುಂದೆ ಕೇಳಿದಾಗ ಅವನಿಗೆ ಸರಿಯಾಗಿ ಹೇಳಲಾಗಲಿಲ್ಲ. ಸುಟ್ಟ ಮೋಟರಿನ ಫ್ಯೂಸನ್ನು ಎರಡು ಸಲ ಬದಲಿಸಿದ, ಅದರಿಂದ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ. ಒಮ್ಮೆ ಹೊರಗೆ ಹೋಗಿ ಒಡ್ಡಿನ ಮೇಲೆ ನಿಂತು ಓಣಿಯ ಕಡೆ ನೋಡಿದ. ದೀಪಗಳು ಹತ್ತಿದ್ದವು. ಯಾರದೋ ಮನೆಯ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ಒಬ್ಬ ಹೆಂಗಸು ಬಾಗಿಲು ತೆರೆದು ಮಳೆಗೆ ಮುಖ ಕೊಟ್ಟು ನೋಡಿ ಮತ್ತೆ ಮುಚ್ಚಿಕೊಂಡಳು. ಅವರೆಲ್ಲ ಮನೆ ಬಿಡಬೇಡಿ ಎಂಬ ಮಾತನ್ನು ಪಾಲಿಸುತ್ತಿದ್ದರು.

ಏಳು ಗಂಟೆ ಐದು ನಿಮಿಷಕ್ಕೆ ಅಕ್ಕನ ಫೋನು ಬಂತು.

"ಏನೋ ಅದು ಬೆಳಬೆಳಿಗ್ಗೆ ಸೈರನ್ನು? ನಿಮ್ಮ ಭಾವ ಹೇಳ್ತಿದಾರೆ, ತೆರಿಗೆ ಕಟ್ಟಿಸ್ಕೊಳ್ಳೋಕೆ ನಿಮ್ಮ ಕಚೇರಿಯೋರು ಹೆದರಿಸ್ತಾ ಇದಾರೆ ಅಂತ."

ಹಿಂದಿನಿಂದ ಭಾವನ ದನಿ ಕೇಳಿತು. "ಹೆದರಿಸೋದಲ್ಲ ಕಣೇ, ಪ್ರಾಕ್ಟೀಸು. ಮೊದಲು ಕಿವಿಗೆ, ಆಮೇಲೆ ಜೇಬಿಗೆ."

ಭಾವನಿಗೆ ಓಣಿಯಲ್ಲಿ ಸೈಕಲ್ ರಿಪೇರಿ ಅಂಗಡಿ. ಮೂರನೇ ಪಂಪನ್ನು ಕಣ್ಣಿಗೆ ತೋರಿಸುವ ತನಕ ಯಾರೂ ತೆರಿಗೆ ಕಟ್ಟಬಾರದು ಎಂದು ಈ ವರ್ಷ ಓಣಿಯವರನ್ನು ಒಪ್ಪಿಸಿದ್ದು ಅವನೇ. ತಿಂಗಳ ಹಿಂದೆ ಅವನ ಊಟದ ಮೇಜಿನ ಮುಂದೆ ಈ ವಿಷಯಕ್ಕೆ ದೊಡ್ಡ ವಾದ ನಡೆದಿತ್ತು. ಕೇಳದೆ ಕಿತ್ತುಕೊಳ್ಳೋದಕ್ಕೂ ಕಳ್ಳತನಕ್ಕೂ ಏನು ವ್ಯತ್ಯಾಸ ಎಂದು ಭಾವ ಕೇಳಿದ್ದ. ಕಳ್ಳ ರಸೀದಿ ಕೊಡಲ್ಲ ಎಂದು ಅಕ್ಕ ನಗಿಸಿದ್ದಳು. ಪಂಪಿನವನು ನಗದೆ, ನಿನ್ನ ಬಚ್ಚಲಿನ ನೀರು ನೀನೇ ಎತ್ತಿ ಹಾಕ್ತೀಯಾ ಭಾವ, ಎಲ್ಲಿಗೆ ಹಾಕ್ತೀಯಾ, ಪಕ್ಕದ ಮನೆಗಾ, ನೀರು ಎಲ್ಲರದ್ದೂ ಸೇರಿಯೇ ಬರುತ್ತೆ, ಅದನ್ನ ಎತ್ತೋಕೂ ಎಲ್ಲರೂ ಸೇರಬೇಕು ಎಂದಿದ್ದ. ಆ ಮಾತನ್ನು ಅವನು ನಿಜವಾಗಿಯೂ ನಂಬಿದ್ದ. ಆಗ ಭಾವ ಅವನ ಮುಖಕ್ಕೆ ಮುಖ ಕೊಟ್ಟು, ಹಾಗಾದರೆ ಒಂದೇ ಮಾತು ಹೇಳು, ಮೂರನೇ ಪಂಪನ್ನ ನೀನು ಕಣ್ಣಾರೆ ನೋಡಿದೀಯಾ ಎಂದು ಕೇಳಿದ್ದ. ನೋಡಿದೀನಿ ಎಂದಿದ್ದ ಪಂಪಿನವನು.

"ಅಕ್ಕ, ಮಕ್ಕಳನ್ನ ಕರ್ಕೊಂಡು ಈಗಿಂದೀಗ ಶಾಲೆ ದಿಬ್ಬಕ್ಕೆ ಹೋಗು," ಎಂದ ಈಗ. "ಏನೂ ಕಟ್ಕೋಬೇಡ."

"ಮನೆ ಬಿಡಬೇಡಿ ಅಂತ ಮೆಸೇಜು ಬಂದಿದೆಯಲ್ಲೋ. ಎರಡು ಪಂಪು ಇದೆಯಂತೆ."

"ಒಂದೇ ಇದೆ."

"ಮೂರನೇದು?"

"ಮೂರನೇದು ಇಲ್ಲ ಅಕ್ಕ. ಇರಲೇ ಇಲ್ಲ. ಬರೀ ಡಬ್ಬ."

ಮಳೆಯ ಸದ್ದು ಎರಡೂ ಕಡೆಯಿಂದ ಕೇಳುತ್ತಿತ್ತು. ಆಮೇಲೆ ಫೋನು ಭಾವನ ಕೈಗೆ ಹೋಯಿತು.

"ಇನ್ನೊಂದು ಸಲ ಹೇಳು."

"ಇಲ್ಲ ಭಾವ. ಒಂಬತ್ತು ವರ್ಷದಿಂದ ಇಲ್ಲ. ಎಂಟು ಗಂಟೆಗೆ ಓಣಿಗೆ ನೀರು ಬರುತ್ತೆ."

"ಅಂದ್ರೆ ನಾನು ಹೇಳ್ತಿದ್ದದ್ದೇ ನಿಜ."

"ಹೌದು."

"ಗೆದ್ದೆ ಅಂತ ಖುಷಿಯಾಗಬೇಕಿತ್ತು ನನಗೆ," ಎಂದ ಭಾವ. "ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ." ಫೋನು ಕಟ್ಟಾಯಿತು.

ಒಮ್ಮೆ ಬಾಯಿಂದ ಬಿದ್ದ ಮೇಲೆ ಎರಡನೆಯ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಅವನು ಮೇಡಮ್‌ಗೆ ಫೋನು ಮಾಡಿ ಎರಡೇ ವಾಕ್ಯದಲ್ಲಿ ಹೇಳಿದ. ಅವರು ಕೂಗಾಡಲಿಲ್ಲ. ಎಷ್ಟು ವರ್ಷ ಎಂದು ಕೇಳಿದರು. ಒಂಬತ್ತು ಎಂದ. "ಆರೂವರೆಗೆ ಹೇಳಿದ್ರೆ ಮುಕ್ಕಾಲು ಗಂಟೆ ಸಿಗ್ತಿತ್ತು," ಎಂದರು, ಬೈಗುಳದ ದನಿಯಲ್ಲೂ ಅಲ್ಲ, ಲೆಕ್ಕದ ದನಿಯಲ್ಲಿ. "ಸೈರನ್ ಎಳೀರಿ. ನಿಲ್ಲಿಸಬೇಡಿ. ನಾನು ಬಸ್ಸುಗಳನ್ನ ಶಾಲೆ ಹತ್ರ ಕಳಿಸ್ತೀನಿ."

ಎರಡನೇ ಸಂದೇಶ ಏಳೂ ಹದಿನೈದಕ್ಕೆ ಹೋಯಿತು. ಅದಕ್ಕೂ ಮುಂಚೆಯೇ ಭಾವ ಓಣಿಯ ಬಾಗಿಲು ಬಾಗಿಲು ಬಡಿಯುತ್ತಾ ಹೊರಟಿದ್ದ. ಪಂಪ್‌ಹೌಸಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ತಮ್ಮನೇ ಹೇಳಿದ್ದಾನೆ, ಮೂರನೇ ಪಂಪು ಇಲ್ಲ, ಏಳಿ ಎಂದ. ಸೈರನ್ನಿಗೆ ಏಳದ ಓಣಿ ಈ ಮಾತಿಗೆ ಎದ್ದಿತು. ಪಂಪು ಇದೆ ಎನ್ನುವುದಕ್ಕೆ ಈ ವರ್ಷವೆಲ್ಲ ಪುರಾವೆ ಕೇಳಿದವರು, ಇಲ್ಲ ಎನ್ನುವುದಕ್ಕೆ ಕೇಳಲಿಲ್ಲ. ಏಳೂವರೆಗೆ ಒಡ್ಡಿನಿಂದ ನೋಡಿದರೆ ಓಣಿಯ ಉದ್ದಕ್ಕೂ ಕೊಡೆಗಳು, ಪ್ಲಾಸ್ಟಿಕ್ ಹಾಳೆಗಳು, ಹೆಗಲ ಮೇಲೆ ಮಕ್ಕಳು. ಎಲ್ಲ ದಿಬ್ಬದ ಕಡೆಗೆ ನಡೆಯುತ್ತಿದ್ದವು.

ಬಾವಿಯಲ್ಲಿ ನೀರು ಹದಿನೇಳು ದಾಟಿತ್ತು. ಅಕ್ಕ ಮತ್ತೆ ಫೋನು ಮಾಡಿದಳು. ಅವಳ ಉಸಿರು ಏರಿತ್ತು.

"ಎಲ್ಲಾರೂ ಹೊರಟ್ರು ಕಣೋ. ಅಂಚೆಯಣ್ಣ ಮಾತ್ರ ಏಳಲ್ಲ ಅಂತ ಕೂತಿದಾರೆ. ನಿಮ್ಮ ಭಾವ ಹೇಳಿದ್ರೆ ಕೇಳ್ತಿಲ್ಲ. ಪಂಪಿನವನ ಸಹಿ ಇರೋ ಕಾಗದ ನನ್ನ ಬಾಗಿಲ ಮೇಲಿದೆ ಅಂತಾರೆ."

ನಿವೃತ್ತ ಪೋಸ್ಟ್‌ಮ್ಯಾನ್ ಅಂಚೆಯಣ್ಣನ ಮನೆ ಓಣಿಯ ಮಧ್ಯದಲ್ಲಿತ್ತು. ತೆರಿಗೆ ಕಟ್ಟಬಾರದು ಎಂದು ಓಣಿಯ ಹೆಚ್ಚಿನವರು ಹೇಳಿದಾಗ ಕಟ್ಟಿದ ಇಪ್ಪತ್ತು ಮನೆಗಳಲ್ಲಿ ಅವನದು ಮೊದಲನೆಯದು. ಸರಕಾರ ಅಂದರೆ ಕಾಗದ, ಕಾಗದ ನಂಬದಿದ್ದರೆ ಊರೇ ಇಲ್ಲ, ನಾನು ಮೂವತ್ತೆಂಟು ವರ್ಷ ಹಂಚಿದ್ದು ಮತ್ತಿನ್ನೇನು ಎನ್ನುತ್ತಿದ್ದ. ಅವನ ಹೆಂಡತಿ ಸೊಂಟ ಮುರಿದುಕೊಂಡು ನಾಲ್ಕು ತಿಂಗಳಿಂದ ಹಾಸಿಗೆಯಲ್ಲಿದ್ದಳು. ಮಗ್ಗುಲು ಬದಲಿಸಿದರೆ ನೋವಿಗೆ ಕಿರುಚುತ್ತಿದ್ದಳು.

ಪಂಪಿನವನು ಒಮ್ಮೆ ಬಾವಿಯ ಕಡೆ, ಒಮ್ಮೆ ಒಂದನೇ ಮೋಟರಿನ ಕಡೆ ನೋಡಿದ.

"ಹೋಗು," ಎಂದ ಗ್ರೀಸಜ್ಜ. "ಇದನ್ನ ನಾನು ನೋಡ್ಕೋತೀನಿ. ಆ ಸಹಿ ಅಳಿಸೋಕೆ ನೀನೇ ಹೋಗಬೇಕು."

"ನೀರು ಒಳಗೆ ಬಂದ್ರೆ ಮೋಟರಿನ ಹತ್ರ ನಿಲ್ಲಬೇಡ. ಏಣಿ ಹತ್ತಿ ಮೇಲೆ ಹೋಗು."

"ನನಗೆ ಈಜು ಬರುತ್ತೆ, ಓದು ಬರಲ್ಲ ಅಷ್ಟೆ. ಹೋಗಪ್ಪ."

ಓಣಿಗೆ ಇಳಿಯುವಾಗ ಎದುರು ಬರುತ್ತಿದ್ದವರು ಅವನ ನೀಲಿ ಸಮವಸ್ತ್ರ ನೋಡಿ ದಾರಿ ಬಿಟ್ಟರು. ಒಬ್ಬ ಮುದುಕಿ ಮಾತ್ರ ನಿಂತು ಅವನ ಮುಖ ನೋಡಿದಳು, ಮುಖ ನೆನಪಿಟ್ಟುಕೊಳ್ಳುವವಳ ಹಾಗೆ, ಆಮೇಲೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಓಣಿಯ ತಗ್ಗಿನ ಮನೆಗಳ ಬಾಗಿಲುಗಳು ಹಾರುಹೊಡೆದಿದ್ದವು. ಒಳಗಿನಿಂದ, ಕುದಿಯುವ ಪಾತ್ರೆಯಿಂದ ಬರುವಂಥ ಬುಳುಬುಳು ಸದ್ದು ಬರುತ್ತಿತ್ತು. ಬಚ್ಚಲುಗಳಲ್ಲಿ ನೀರು ಏಳತೊಡಗಿತ್ತು.

ಅಂಚೆಯಣ್ಣನ ಮನೆಯ ಮುಂದೆ ಭಾವ ತನ್ನ ಮೂರು ಚಕ್ರದ ಸಾಮಾನು ಸೈಕಲ್ ನಿಲ್ಲಿಸಿಕೊಂಡಿದ್ದ. ಅದರ ಹಲಗೆಯ ಮೇಲೆ ಒಂದು ಹಾಸಿಗೆ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದ. ಪಂಪಿನವನನ್ನು ಕಂಡು ತಲೆ ಎತ್ತಲಿಲ್ಲ. "ಒಳಗಿದಾರೆ. ನನ್ನ ಮಾತು ಕೇಳಲ್ಲವಂತೆ, ನಾನು ತೆರಿಗೆ ಕಟ್ಟದವನಂತೆ," ಎಂದ.

ಅಂಚೆಯಣ್ಣ ಹೆಂಡತಿಯ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ. ತೊಡೆಯ ಮೇಲೆ ಬಾಗಿಲಿನಿಂದ ಬಿಡಿಸಿ ತಂದ ನೋಟೀಸು.

"ಬಾ," ಎಂದ. "ಏಳಕ್ಕೆ ಮುಂಚೆ ಮನೆ ಬಿಡಬೇಡಿ ಅಂತ ಒಂದು ಮೆಸೇಜು, ಏಳರ ಮೇಲೆ ಮನೆ ಬಿಡಿ ಅಂತ ಇನ್ನೊಂದು ಮೆಸೇಜು. ಒಂದೇ ಗಂಟೇಲಿ ಎರಡು ಮಾತು. ಎರಡಕ್ಕೂ ಸಹಿ ಇಲ್ಲ. ಸಹಿ ಇರೋದು ಇದೊಂದಕ್ಕೆ. ಮೂರು ಪಂಪೂ ಸುಸ್ಥಿತಿಯಲ್ಲಿವೆ. ಇದು ನಿಂದೇ ತಾನೆ?"

"ನಂದೇ."

"ಹಾಗಾದ್ರೆ?"

"ಸುಳ್ಳು ಅಣ್ಣ. ಪಂಪು ಎರಡೇ. ಒಂದು ಬೆಳಿಗ್ಗೆ ಸುಟ್ಟುಹೋಯ್ತು. ಇನ್ನು ಸ್ವಲ್ಪ ಹೊತ್ತಿಗೆ ನೀರು ಬರುತ್ತೆ, ಏಳಿ."

ಅಂಚೆಯಣ್ಣ ಅವನನ್ನೇ ನೋಡಿದ. ಅಡುಗೆಮನೆಯ ಹಿಂದಿನಿಂದ ಬಂದ ನೀರಿನ ಒಂದು ತೆಳು ನಾಲಿಗೆ ಹೊಸ್ತಿಲು ದಾಟಿ, ನೆಲದ ಕಲ್ಲುಗಳ ಸಂದು ಹಿಡಿದು, ಮಂಚದ ಕಾಲಿನ ಕಡೆಗೆ ಬರುತ್ತಿತ್ತು. ಪಂಪಿನವನ ಕಣ್ಣು ಅದರ ಮೇಲೆಯೇ ಇತ್ತು.

"ಒಂಬತ್ತು ವರ್ಷ ಕಟ್ಟಿದೀನಿ," ಎಂದ ಅಂಚೆಯಣ್ಣ. "ಇಲ್ಲಿರೋರೆಲ್ಲ ನನ್ನನ್ನ ಆಡ್ಕೊಂಡು ನಕ್ರು. ನಗಲಿ ಅಂದ್ಕೊಂಡೆ. ನೋಡಿದವನು ಸಹಿ ಹಾಕಿದಾನೆ, ಅವನೇನು ಕುರುಡನಾ ಅಂತ ನಾನೇ ಎಷ್ಟು ಜನಕ್ಕೆ ಹೇಳಿದೀನಿ."

"ತಪ್ಪು ನಂದು. ಏಳಿ ಅಣ್ಣ, ಕೈ ಮುಗೀತೀನಿ."

"ಇಲ್ಲ. ಬಾಯಿಮಾತಿಗೆ ಇವಳನ್ನ ಅಲ್ಲಾಡಿಸಲ್ಲ. ಅಲ್ಲಾಡಿಸಿದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ಲ. ನಾಳೆ ನೀನು ಹಾಗಂದಿಲ್ಲ ಅಂದ್ರೆ? ಬರೆದುಕೊಡು."

"ಈಗಲಾ?"

"ಇದನ್ನ ಬರೆದು ಕೊಟ್ಟವನು ನೀನೇ ತಾನೆ. ಅದೂ ಬರೆದು ಕೊಡು."

ಅವನು ಗೋಡೆಯ ಕಪಾಟಿನಿಂದ ಒಂದು ಖಾಲಿ ಅಂಚೆ ಕಾರ್ಡು, ಒಂದು ಪೆನ್ನು ತೆಗೆದುಕೊಟ್ಟ. ಪಂಪಿನವನು ಕಿಟಕಿಯ ಕಟ್ಟೆಯ ಮೇಲೆ ಕಾರ್ಡಿಟ್ಟು ಬಗ್ಗಿದ. ನೀರು ಅವನ ಬೂಟಿನ ಸುತ್ತ ಬಂದಿತ್ತು. ಮೂರನೇ ಪಂಪು ಇಲ್ಲ, ಎಂದು ಬರೆದ. ಒಂಬತ್ತು ವರ್ಷದಿಂದ ಇಲ್ಲ. ಇದೆ ಎಂದು ಪ್ರತಿ ವರ್ಷ ಸಹಿ ಹಾಕಿದವನು ನಾನು. ಕೆಳಗೆ ಸಹಿ ಮಾಡಿದ. ಯಾವುದನ್ನು ಬರೆದರೆ ಏನಾಗುತ್ತದೆ ಎಂದು ಬೆಳಗಿನಿಂದ ಹೆದರಿದ್ದನೋ ಅದೇ ಇದು ಎಂದು ಗೊತ್ತಿತ್ತು. ಈಗ ಹೆದರಿಕೆಯೆಲ್ಲ ಕಾಲ ಬಳಿಯ ನೀರಿನದೇ ಆಗಿತ್ತು.

ಅಂಚೆಯಣ್ಣ ಕಾರ್ಡನ್ನು ದೂರ ಹಿಡಿದು ಓದಿದ. "ತಾರೀಖು?" ಎಂದ. ಪಂಪಿನವನು ತಾರೀಖು ಹಾಕಿದ. "ಹೊತ್ತೂ ಹಾಕು." ಏಳು ಐವತ್ತೇಳು ಎಂದು ಹಾಕಿದ.

"ಇಷ್ಟೊತ್ತು ಏನ್ರೀ ನಿಮ್ಮಿಬ್ಬರದು ಕೋರ್ಟು ಕಚೇರಿ," ಎಂದಳು ಮಂಚದಿಂದ ಹೆಂಡತಿ, ಕಣ್ಣು ಮುಚ್ಚಿಕೊಂಡೇ. "ಎತ್ತೋದಾದ್ರೆ ಎತ್ತಿ. ನಾನು ಕಿರುಚಿದ್ರೂ ನಿಲ್ಲಿಸಬೇಡಿ."

ಭಾವನೂ ಒಳಗೆ ಬಂದ. ಮೂವರೂ ಸೇರಿ ಅವಳನ್ನು ಹಾಸಿಗೆ ಸಮೇತ ಎತ್ತಿದರು. ಅವಳು ಕಿರುಚಿದಳು, ಅವರು ನಿಲ್ಲಿಸಲಿಲ್ಲ. ಹೊರಗೆ ಬರುವ ಹೊತ್ತಿಗೆ ರಸ್ತೆಯಲ್ಲಿ ನೀರು ಹರಿಯುತ್ತಿರಲಿಲ್ಲ, ನಿಂತಲ್ಲೇ ಏರುತ್ತಿತ್ತು. ಭಾವ ಮುಂದೆ ಹಿಡಿಕೆ ಹಿಡಿದ, ಉಳಿದಿಬ್ಬರು ಹಿಂದಿನಿಂದ ತಳ್ಳಿದರು. ಐವತ್ತು ಹೆಜ್ಜೆಗೆ ನೀರು ಮೊಣಕಾಲಿಗೆ ಬಂತು. ಬೇಕರಿಯ ಮೂಲೆ ತಿರುಗುವಾಗ ಚಕ್ರವೊಂದು ಮೋರಿಯ ಕಲ್ಲಿಗೆ ಸಿಕ್ಕಿಕೊಂಡಿತು. ಪಂಪಿನವನು ಮುಳುಗಿ ಕೈಯಿಂದಲೇ ಕಲ್ಲು ಹುಡುಕಿ ಸರಿಸಿದ. ಮೇಲೆದ್ದಾಗ ಸೈಕಲ್ ಮುಂದೆ ಹೋಗಿತ್ತು, ನೀರು ಅವನ ತೊಡೆಯವರೆಗೆ ಇತ್ತು. ಒಂದು ಕ್ಷಣ ಯಾವ ಕಡೆ ಏರು, ಯಾವ ಕಡೆ ಇಳಿಜಾರು ಎಂದು ತಿಳಿಯದೆ ನಿಂತ. ಎಲ್ಲ ಕಡೆಯೂ ಒಂದೇ ಕಂದು ಬಣ್ಣ.

"ಈ ಕಡೆ," ಎಂದು ಭಾವ ಕೂಗಿದ. "ನನ್ನ ದನಿ ಹಿಡ್ಕೊಂಡು ಬಾ."

ಅವರು ದಿಬ್ಬದ ಮೊದಲ ಮೆಟ್ಟಿಲು ಮುಟ್ಟಿದಾಗ ಸೈರನ್ನು ನಡುವಿನಲ್ಲೇ ನಿಂತುಹೋಯಿತು. ಎಂಟು ಗಂಟೆ ಇಪ್ಪತ್ತೊಂದು ನಿಮಿಷ. ಪಂಪ್‌ಹೌಸಿನೊಳಗೆ ನೀರು ನುಗ್ಗಿ ಒಂದನೇ ಮೋಟರೂ ನಿಂತಿತ್ತು. ಒಂಬತ್ತಕ್ಕೆ ಓಣಿಯ ಬಾಗಿಲುಗಳು ಕಾಣುತ್ತಿರಲಿಲ್ಲ.

ಗ್ರೀಸಜ್ಜನನ್ನು ಪಂಪ್‌ಹೌಸಿನ ಮಾಳಿಗೆಯಿಂದ ಹತ್ತೂವರೆಗೆ ದೋಣಿಯಲ್ಲಿ ಕರೆತಂದರು. ಶಾಲೆಯ ಹಜಾರದಲ್ಲಿ ಮೇಡಮ್ ಮನೆಗಳ ಪಟ್ಟಿ ಹಿಡಿದು ತಲೆ ಎಣಿಸಿದರು. ಅರವತ್ತೆರಡು ಮನೆಯವರೂ ಇದ್ದರು. ಎಣಿಕೆ ಮುಗಿದ ಮೇಲೆ ಅಂಚೆಯಣ್ಣ ಎದ್ದು ಬಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಕಾರ್ಡನ್ನು ಅವರ ಕೈಗೆ ಕೊಟ್ಟ, ಮುಟ್ಟಿದೆ ಎಂದು ಬರೆಸಿಕೊಂಡ.

ಮಧ್ಯಾಹ್ನ ಒಂದು ಗಂಟೆಗೆ ಇಬ್ಬರು ಪೊಲೀಸರು ಬಂದು ಪಂಪಿನವನು ಯಾರು ಎಂದು ಕೇಳಿದರು. ಅವನು ಎದ್ದು ನಿಂತ. ಭಾವ ಗಂಟು ಬಿಚ್ಚಿ ಒಂದು ಒಣ ಅಂಗಿ ತೆಗೆದುಕೊಟ್ಟ. ಅವನು ಅಂಗಿ ಬದಲಿಸಿಕೊಂಡು ಅವರ ಜೊತೆ ಜೀಪು ಹತ್ತಿದ.